ಅಲುಗಿಸಿ ನೋಡಿದರೆ ಸಾಕೇ?

ನಮ್ಮ ಕಂದಿಕೆರೆ ಕಡೆ ತೆಂಗಿನಕಾಯಿಯನ್ನು ಕೊಬ್ಬರಿಗೆಂದು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳು ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟ ಬಿಟ್ಟುಕೊಂಡ ಮೇಲೆ ಕಾಯಿ ಅಲುಗಿಸಿದರೆ ಗುಡುಗುಡು ಸದ್ದು ಬರುತ್ತದೆ. ಸದ್ದು ಬಂತೆಂದರೆ ಉಂಡೆ ಕೊಬ್ಬರಿಯಾಗಿದೆ ಎಂದು ಲೆಕ್ಕ. ಆದರೆ ಅದು ಬೆಳ್ಳಗಿದೆಯೋ, ಬೂಷ್ಟು ಹಿಡಿದಿದೆಯೋ ಎಂಬುದನ್ನು ಆ ಸದ್ದು ಹೇಳುವುದಿಲ್ಲ. ಅದಕ್ಕೆ ಸುಲಿದು, ಕರಟ ಒಡೆದೇ ನೋಡಬೇಕು.

ಮಕ್ಕಳೇ, ಕಂಪ್ಯೂಟರಿನಲ್ಲೂ ಈಗ ಇದೇ ಪರೀಕ್ಷೆ ನಡೆಯುತ್ತಿದೆ. ಪ್ರಶ್ನೆಗೆ ಉತ್ತರ ಹೇಳುವ ಎಐ ನಿಮಗೆ ಗೊತ್ತು. ಎಐ ಏಜೆಂಟ್ ಎಂಬುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಅದು ಮಾತಾಡುವುದಷ್ಟೇ ಅಲ್ಲ, ನಿಮ್ಮ ಪರವಾಗಿ ಕೆಲಸವನ್ನೂ ಮಾಡುತ್ತದೆ: ಮೇಲ್ ಓದುತ್ತದೆ, ಫೈಲ್ ತೆರೆಯುತ್ತದೆ, ಟಿಕೆಟ್ ಹುಡುಕುತ್ತದೆ. ಅದಕ್ಕೆ ಹೊಸ ಕೆಲಸ ಕಲಿಸಬೇಕಾದರೆ ಒಂದು 'ಸ್ಕಿಲ್' ಸೇರಿಸುತ್ತಾರೆ. ಸ್ಕಿಲ್ ಎಂದರೆ ಹೊಸ ಆಳಿಗೆ ಬರೆದುಕೊಡುವ ಚೀಟಿಯಂತೆ: ಮೊದಲು ಇದು ಮಾಡು, ಆಮೇಲೆ ಅದು ಮಾಡು. ಜೊತೆಗೆ ಒಂದಿಷ್ಟು ಪ್ರೋಗ್ರಾಂ ಇರಬಹುದು. ಚೀಟಿ ಬರೆದವನು ಯಾರು ಎಂಬುದೇ ಇಲ್ಲಿನ ಪ್ರಶ್ನೆ.

ಓಪನ್‌ಕ್ಲಾ ಎಂಬ ಏಜೆಂಟ್ ಇದೆ. ಅದರ ಸ್ಕಿಲ್‌ಗಳು ಸಿಗುವ ಸಂತೆಯ ಹೆಸರು ಕ್ಲಾಹಬ್. 2026ರ ಫೆಬ್ರುವರಿಯಲ್ಲಿ ಕೊಯ್ ಸೆಕ್ಯುರಿಟಿ ಎಂಬ ಸಂಸ್ಥೆ ಅಲ್ಲಿನ 2,857 ಸ್ಕಿಲ್‌ಗಳನ್ನು ತಪಾಸಣೆ ಮಾಡಿದಾಗ 341 ಕೆಟ್ಟವು ಸಿಕ್ಕವು. ಲೆಕ್ಕ ಹಾಕಿ ನೋಡಿ, ನೂರಕ್ಕೆ ಹೆಚ್ಚುಕಡಿಮೆ ಹನ್ನೆರಡು. ಹೆಸರು, ವಿವರಣೆ ಎಲ್ಲ ಚೆನ್ನಾಗಿಯೇ ಇದ್ದವು. 'ಇದು ಕೆಲಸ ಮಾಡಬೇಕಾದರೆ ಮೊದಲು ಇನ್ನೊಂದನ್ನು ಇಳಿಸಿಕೊಳ್ಳಿ' ಎಂಬ ಸೂಚನೆಯಲ್ಲಿತ್ತು ಕಿತಾಪತಿ. ಹಾಗೆ ಇಳಿಸಿಕೊಂಡದ್ದು ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂ.

ಆಮೇಲೆ ಓಪನ್‌ಕ್ಲಾದವರು ಅದೇ ತಿಂಗಳು ವೈರಸ್‌ಟೋಟಲ್ ಜೊತೆ ಕೈಜೋಡಿಸಿದರು. ಇದು 2004ರಲ್ಲಿ ಸ್ಪೇನ್ ದೇಶದಲ್ಲಿ ಶುರುವಾದ ಸೇವೆ; 2012ರಿಂದ ಗೂಗಲ್ ಕೈಯಲ್ಲಿದೆ. ಈಗ ಪ್ರತಿ ಸ್ಕಿಲ್‌ಗೂ ಅಲ್ಲಿ ತಪಾಸಣೆ. ಮೊದಲು ಸ್ಕಿಲ್‌ನ ಬೆರಳಚ್ಚಿನಂಥ ಒಂದು ಗುರುತನ್ನು ಲೆಕ್ಕ ಹಾಕುತ್ತಾರೆ. ಒಂದು ಅಕ್ಷರ ಬದಲಾದರೂ ಆ ಗುರುತು ಬದಲಾಗುತ್ತದೆ. ಹಳೆಯ ಕಳ್ಳನಾದರೆ ಅಲ್ಲೇ ಸಿಕ್ಕಿಬೀಳುತ್ತಾನೆ. ಹೊಸಬನಾದರೆ ಇನ್ನೊಂದು ಎಐ ಆ ಸ್ಕಿಲ್ಲನ್ನು ಓದಿ, ಅದು ನಿಜವಾಗಿ ಏನು ಮಾಡುತ್ತದೆಂದು ಹೇಳುತ್ತದೆ. ಒಳ್ಳೆಯದಕ್ಕೆ ಒಪ್ಪಿಗೆ, ಅನುಮಾನದ್ದಕ್ಕೆ ಎಚ್ಚರಿಕೆಯ ಗುರುತು, ಕೆಟ್ಟದ್ದಕ್ಕೆ ತಡೆ. ಇಂದು ಒಳ್ಳೆಯದಾಗಿದ್ದದ್ದು ನಾಳೆ ಕೆಡಬಹುದೆಂದು ದಿನಾ ಮತ್ತೆ ನೋಡುತ್ತಾರೆ.

ಅಷ್ಟಾದರೆ ಸಾಕೇ? ಸಾಲದು ಎಂದು ಅವರೇ ಹೇಳಿದ್ದಾರೆ. ಯಾಕೆ ಸಾಲದು ಎಂಬುದು ಬ್ಯಾಂಕಿನ ಕೌಂಟರಿನಲ್ಲಿ ಕೂತವರಿಗೆ ಬೇಗ ಅರ್ಥವಾಗುತ್ತದೆ. ಚೆಕ್ ಬಂದರೆ ನಾವು ತಾರೀಖು ನೋಡುತ್ತಿದ್ದೆವು, ಸಹಿ ತಾಳೆ ನೋಡುತ್ತಿದ್ದೆವು, ಅಂಕಿಯೂ ಅಕ್ಷರವೂ ಒಂದೇ ಇದೆಯೇ ನೋಡುತ್ತಿದ್ದೆವು. ಎಲ್ಲ ಸರಿಯಿದ್ದರೆ ಪಾಸು. ಆದರೆ ಯಾರೋ ಪುಸಲಾಯಿಸಿ ಆ ಸಹಿ ಹಾಕಿಸಿಕೊಂಡಿದ್ದರೆ? ಚೆಕ್ಕಿನಲ್ಲಿ ಒಂದು ತಪ್ಪೂ ಇರುವುದಿಲ್ಲ. ಸ್ಕಿಲ್ಲೂ ಹಾಗೆಯೇ. ಅದರಲ್ಲಿ ವೈರಸ್ಸೇ ಇರಬೇಕೆಂದಿಲ್ಲ. 'ಕೆಲಸ ಮುಗಿದ ಮೇಲೆ ಈ ಫೈಲನ್ನು ಆ ವಿಳಾಸಕ್ಕೂ ಕಳಿಸು' ಎಂಬ ಸಾದಾ ವಾಕ್ಯ ಸಾಕು. ಏಜೆಂಟ್ ಪಾಪ, ಹೇಳಿದಂತೆ ಕೇಳುವ ಆಳು.

ಅದಕ್ಕೇ ತಪಾಸಣೆಯ ಜೊತೆಗೆ ಬೀಗದಕೈ ಲೆಕ್ಕವೂ ಬೇಕು. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದಕೈ, ಇಬ್ಬರ ಹತ್ತಿರ. ಎಷ್ಟೇ ನಂಬಿಕಸ್ಥನಾದರೂ ಒಬ್ಬನಿಂದಲೇ ಬಾಗಿಲು ತೆರೆಯುವುದಿಲ್ಲ. ಏಜೆಂಟ್‌ಗೂ ಕೆಲಸಕ್ಕೆ ಬೇಕಾದ ಒಂದೇ ಬೀಗದಕೈ ಕೊಡಬೇಕು. ದುಡ್ಡು ಕಳಿಸುವುದು, ಫೈಲ್ ಅಳಿಸುವುದು ಇಂಥದ್ದಕ್ಕೆ ಮನುಷ್ಯನ ಒಪ್ಪಿಗೆ ಇರಲೇಬೇಕು.

'ನಮ್ಮ ಮನೆಯಲ್ಲಿ ಏಜೆಂಟ್ ಇಲ್ಲವಲ್ಲ ತಾತ' ಎನ್ನುತ್ತೀರಾ? ಅಪ್ಪನ ಫೋನ್ ಇದೆಯಲ್ಲ! ಮದುವೆ ಆಮಂತ್ರಣ, ವಾಹನದ ದಂಡ ಎಂಬ ಹೆಸರಿಟ್ಟುಕೊಂಡು ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್‌ಗಳದ್ದೂ ಇದೇ ಜಾತಿ. ಆಂಡ್ರಾಯ್ಡ್ ಫೋನಿನಲ್ಲಿ ಪ್ಲೇ ಪ್ರೊಟೆಕ್ಟ್ ಎಂಬ ತಪಾಸಣೆ ಇದೆ. ಅದನ್ನು ಆಫ್ ಮಾಡಿ ಎಂದು ಯಾರಾದರೂ ಹೇಳಿದರೆ ಅವರೇ ಕಳ್ಳರೆಂದು ತಿಳಿಯಿರಿ. ಈ ಭಾನುವಾರ ಅಪ್ಪ ಅಮ್ಮನ ಜೊತೆ ಕೂತು ಫೋನಿನ ಸೆಟ್ಟಿಂಗ್ಸ್ ತೆರೆಯಿರಿ. ಎಸ್ಎಂಎಸ್ ಓದಲು ಯಾವ ಯಾವ ಆ್ಯಪ್‌ಗೆ ಅನುಮತಿ ಇದೆ ಎಂದು ಪಟ್ಟಿ ಮಾಡಿ. ಟಾರ್ಚ್ ಆ್ಯಪ್‌ಗೆ ಎಸ್ಎಂಎಸ್ ಯಾಕೆ ಬೇಕು ಎಂದು ಕೇಳಿ.

ದೊಡ್ಡವರಿಗೂ ಒಂದು ಮಾತು. ಮಗು ತಿಳಿಯದೆ ಏನಾದರೂ ಒತ್ತಿ ಖಾತೆಯಿಂದ ಹಣ ಹೋದರೆ ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಬ್ಯಾಂಕಿಗೆ. ಬೇಗ ಹೇಳಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಮಗುವನ್ನು ಮಾತ್ರ ಬೈಯಬೇಡಿ. ಬೈಗುಳಕ್ಕೆ ಹೆದರಿ ಅದು ಒಂದು ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ, ಕಳ್ಳನಿಗೆ ಆ ಒಂದು ಗಂಟೆ ಸಾಕು.