ಅರ್ಧ ನಿಮಿಷದ ಬೆಲೆ

ರಸ್ತೆ ಕೆಟ್ಟಿದೆಯೆಂದು ಹತ್ತು ವರ್ಷ ಮನವಿ ಕೊಟ್ಟವರೇ, ರಸ್ತೆ ಸರಿಯಾದ ಹತ್ತನೆಯ ದಿನ ಶಾಲೆಯ ಮುಂದೆ ಹಂಪು ಹಾಕಿಸಿಕೊಡಿ ಎಂದು ಇನ್ನೊಂದು ಮನವಿ ಬರೆಯುತ್ತಾರೆ. ಕಾಸರಗೋಡಿನ ಒಳನಾಡಿನಲ್ಲಿ ಇದು ನಗುವ ಮಾತಾಗಿ ಉಳಿದಿಲ್ಲ. ಹೊಂಡಗಳಿದ್ದಷ್ಟು ಕಾಲ ನಮ್ಮ ವೇಗವನ್ನು ಹೊಂಡಗಳೇ ನಿಯಂತ್ರಿಸುತ್ತಿದ್ದವು. ಮೆಕಾಡಂ ಡಾಮರು ಬಂದು ಅವು ಮುಚ್ಚಿಹೋದುವು. ಅವುಗಳ ಜಾಗದಲ್ಲಿ ಬೇರೆ ಯಾವ ನಿಯಂತ್ರಣವನ್ನೂ ಯಾರೂ ತಂದಿಡಲಿಲ್ಲ. ಒಳ್ಳೆಯ ರಸ್ತೆ ಬೇಕೆಂಬ ನಮ್ಮ ಬೇಡಿಕೆ ಸರಿಯಾದದ್ದೇ ಆಗಿತ್ತು. ಆದರೆ ಆ ಬೇಡಿಕೆಯ ಉತ್ತರಾರ್ಧವನ್ನು ನಾವು ಬರೆಯದೆ ಬಿಟ್ಟೆವು.

ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳಗಳ ಮೂಲಕ ವಿಟ್ಲ, ಕಲ್ಲಡ್ಕದತ್ತ ಸಾಗುವ ಅಂತಾರಾಜ್ಯ ರಸ್ತೆಯನ್ನೇ ನೋಡಬಹುದು. ನಂದಾರಪದವಿನಿಂದ ಹೊರಟು ಕೇರಳದ ದಕ್ಷಿಣದ ತುದಿಯವರೆಗೆ ಹೋಗಬೇಕಾದ ಮಲೆನಾಡು ಹೆದ್ದಾರಿಯ ಆರಂಭದ ಭಾಗವೂ ಇಂಥದೇ. ಇವು ಬಯಲಿನಲ್ಲಿ ಹೊಸದಾಗಿ ಗೆರೆ ಎಳೆದು ಕಟ್ಟಿದ ರಸ್ತೆಗಳಲ್ಲ. ಗುಡ್ಡೆಯ ಬದಿಯಲ್ಲಿ ಬಳಸಿ, ತೋಡಿನ ಸಂಕ ದಾಟಿ, ಪೇಟೆಯಿಂದ ಪೇಟೆಗೆ ಹೋಗುತ್ತಿದ್ದ ಹಳೆಯ ದಾರಿಗಳೇ ಅಗಲಗೊಂಡಿವೆ. ಅಂಗಡಿಯ ಮೆಟ್ಟಿಲು ಇಳಿದರೆ ರಸ್ತೆ, ಶಾಲೆಯ ಗೇಟು ತೆರೆದರೆ ರಸ್ತೆ, ಬಸ್ಸಿಗೆ ಕಾಯುವುದು ರಸ್ತೆಯ ಅಂಚಿನಲ್ಲಿ. ನಸುಕಿನಲ್ಲಿ ಮದ್ರಸಕ್ಕೆ ನಡೆಯುವ ಮಕ್ಕಳು, ಕ್ಯಾನು ಹಿಡಿದು ಹಾಲಿನ ಸೊಸೈಟಿಗೆ ಹೊರಟ ಹೆಂಗಸರು, ಒಂಬತ್ತು ಗಂಟೆಗೆ ಬ್ಯಾಗು ಹೊತ್ತ ಶಾಲಾ ಮಕ್ಕಳು, ಸಂಜೆ ಭಜನಾ ಮಂದಿರಕ್ಕೆ ಹೋಗುವ ಹಿರಿಯರು, ಆಟ ನೋಡಿ ರಾತ್ರಿ ಹಿಂದಿರುಗುವ ಯುವಕರು, ಇವರೆಲ್ಲರ ಕಾಲುದಾರಿಯೂ ಇದೇ. ಕಾಲುದಾರಿಗೆಂದು ಬೇರೆ ಜಾಗವನ್ನು ಬಹುಪಾಲು ಕಡೆ ಬಿಟ್ಟಿಲ್ಲ.

ಈ ದಾರಿಗಳಲ್ಲಿ ಓಡುವ ಟಿಪ್ಪರುಗಳನ್ನೂ ಲಾರಿಗಳನ್ನೂ ಶತ್ರುಗಳೆಂದು ಬಗೆಯುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಅವು ಹೊತ್ತು ಬರುವುದು ನಮ್ಮ ಪದವುಗಳಲ್ಲಿ ಕಡಿದ ಕೆಂಪುಕಲ್ಲನ್ನು, ಕೋರೆಯ ಜಲ್ಲಿಯನ್ನು, ಹೊಯಿಗೆಯನ್ನು, ಸಿಮೆಂಟನ್ನು, ಗಡಿಯಾಚೆಯಿಂದ ಬರುವ ತರಕಾರಿ ಅಕ್ಕಿಗಳನ್ನು. ನಾವು ಕಟ್ಟುವ ಮನೆಯ ಗೋಡೆಯೂ ನಮ್ಮ ಶಾಲೆಯ ಹೊಸ ಕೊಠಡಿಯೂ ಆ ಲಾರಿಯಲ್ಲೇ ಬಂದಿವೆ. ಚಾಲಕನೂ ಇನ್ನೊಂದು ಊರಿನ ಮಗುವಿನ ತಂದೆ. ಅವನ ಸಂಪಾದನೆ ಲೋಡಿನ ಲೆಕ್ಕದಲ್ಲಿ ನಿಂತಿರುವಾಗ, ದಿನಕ್ಕೆ ಒಂದು ಲೋಡು ಹೆಚ್ಚಿಸುವ ಒತ್ತಡ ಅವನ ಕಾಲಿನ ಮೇಲೆ, ಕಾಲಿನ ಮೂಲಕ ಆಕ್ಸಿಲರೇಟರಿನ ಮೇಲೆ ಬೀಳುತ್ತದೆ. ಖಾಲಿಯಾಗಿ ಮರಳುವ ಲಾರಿ ತುಂಬಿದ ಲಾರಿಗಿಂತಲೂ ಬಿರುಸಾಗಿರುವುದನ್ನು ಕಂಡವರಿಗೆ ಈ ಲೆಕ್ಕ ಅರ್ಥವಾಗುತ್ತದೆ. ಆದ್ದರಿಂದ ಚಾಲಕನನ್ನು ಬೈಯುವುದರಿಂದ ಆಗುವುದು ಸ್ವಲ್ಪವೇ; ವ್ಯವಸ್ಥೆಯನ್ನು ತಿದ್ದಬೇಕು.

ವೇಗದ ಪ್ರಶ್ನೆ ಭಾವನೆಯ ಪ್ರಶ್ನೆಯೆಂದು ತಿಳಿಯಬಾರದು. ಅದು ಮೊದಲಿಗೆ ಗಣಿತ. ಗಂಟೆಗೆ 30 ಕಿಲೋಮೀಟರ್ ವೇಗದ ವಾಹನ ಒಂದು ಸೆಕೆಂಡಿನಲ್ಲಿ ಸುಮಾರು 8 ಮೀಟರ್ ಸಾಗುತ್ತದೆ. 60ರ ವೇಗದಲ್ಲಿ ಸುಮಾರು 17 ಮೀಟರ್. ಮಗುವೊಂದು ರಸ್ತೆಗಿಳಿದುದನ್ನು ಕಣ್ಣು ಕಂಡು ಕಾಲು ಬ್ರೇಕನ್ನು ಒತ್ತಲು ಒಂದು ಸೆಕೆಂಡಾದರೂ ಬೇಕು. ಒಣಗಿದ ಸಮತಟ್ಟು ರಸ್ತೆಯಲ್ಲಿ, ಬ್ರೇಕು ಚೆನ್ನಾಗಿದ್ದರೆ, 30ರಲ್ಲಿ ಬರುವ ವಾಹನ ಸುಮಾರು 15 ಮೀಟರಿನೊಳಗೆ ನಿಲ್ಲಬಲ್ಲದು. 60ರಲ್ಲಿ ಬರುವ ವಾಹನ ಅಷ್ಟು ದೂರ ಸಾಗುವಾಗ ಅದರ ಬ್ರೇಕನ್ನು ಒತ್ತಿಯೇ ಇರುವುದಿಲ್ಲ. ಅದು ನಿಲ್ಲಲು 45 ಮೀಟರಾದರೂ ಬೇಕು. ವೇಗ ಇಮ್ಮಡಿಯಾದರೆ ಹೊಡೆತದ ಶಕ್ತಿ ನಾಲ್ಮಡಿಯಾಗುತ್ತದೆ. ಇನ್ನು ಲಾರಿ ಅತಿಭಾರ ಹೊತ್ತಿದ್ದರೆ, ರಸ್ತೆ ಇಳಿಜಾರಾಗಿದ್ದರೆ, ಮೇಲೆ ಆಟಿಯ ಮಳೆ ಸುರಿಯುತ್ತಿದ್ದರೆ ಈ ದೂರಗಳೆಲ್ಲ ಇನ್ನೂ ಬೆಳೆಯುತ್ತವೆ. ನಮ್ಮ ರಸ್ತೆಗಳಲ್ಲಿ ಇಳಿಜಾರೂ ಮಳೆಯೂ ಅಪರೂಪವಲ್ಲ. ಟಿಪ್ಪರುಗಳಿಗೆ ಗಂಟೆಗೆ 60 ಕಿಲೋಮೀಟರ್ ಮೀರದಂತೆ ವೇಗ ನಿಯಂತ್ರಕ ಅಳವಡಿಸಬೇಕೆಂದು ಕೇಂದ್ರದ ಮೋಟಾರು ವಾಹನ ನಿಯಮಗಳು ಹೇಳುತ್ತವೆ. ಅದು ಸರಿಯೇ, ಆದರೆ ಪೇಟೆಯ ನಡುವೆ ಆ ಅರುವತ್ತೇ ಅತಿಯಾದದ್ದು.

ಇದಕ್ಕೆ ಪ್ರತಿಯಾಗಿ ಕಳೆದುಕೊಳ್ಳಬೇಕಾದದ್ದು ಎಷ್ಟು? ಒಂದು ಹಳ್ಳಿಯ ಪೇಟೆ ರಸ್ತೆಯುದ್ದಕ್ಕೆ ಅರ್ಧ ಕಿಲೋಮೀಟರ್ ಇದೆಯೆನ್ನೋಣ. 60ರ ವೇಗದಲ್ಲಿ ಅದನ್ನು ದಾಟಲು ಅರ್ಧ ನಿಮಿಷ. 30ರ ವೇಗದಲ್ಲಿ ಒಂದು ನಿಮಿಷ. ನಷ್ಟ ಅರ್ಧ ನಿಮಿಷ. ದಾರಿಯಲ್ಲಿ ಇಂಥ ಹತ್ತು ಪೇಟೆಗಳಿದ್ದರೂ ಒಟ್ಟು ಐದು ನಿಮಿಷ. ಒಂದು ಲೋಡು ಕಲ್ಲು ಐದು ನಿಮಿಷ ತಡವಾಗಿ ತಲಪಿದರೆ ಯಾವ ಮನೆಯ ಕೆಲಸವೂ ನಿಂತುಹೋಗದು. ಈ ಐದು ನಿಮಿಷಗಳನ್ನು ಉಳಿಸಲೆಂದೇ ನಾವು ದಿನವೂ ಮಕ್ಕಳನ್ನು ಪಣಕ್ಕಿಡುತ್ತಿದ್ದೇವೆ.

ಕಾನೂನಿನ ಕೊರತೆಯೂ ನಮಗಿಲ್ಲ. ಶಾಲೆಗಳ ಪರಿಸರದಲ್ಲಿ 30 ಕಿಲೋಮೀಟರ್ ಮಿತಿಯೆಂಬ ನಿಯಮ ಕೇರಳದಲ್ಲಿದೆ. ಜನ ಮತ್ತು ವಾಹನ ಬೆರೆತು ಸಾಗುವಲ್ಲೆಲ್ಲ ಈ ಮಿತಿಯೇ ಇರಲೆಂದು 2020ರ ಸ್ಟಾಕ್‌ಹೋಮ್ ಘೋಷಣೆ ಜಗತ್ತಿಗೆ ಹೇಳಿತು. 1988ರ ಮೋಟಾರು ವಾಹನ ಕಾಯಿದೆಯ 112ನೆಯ ಸೆಕ್ಷನ್ ಪ್ರಕಾರ, ಸಾರ್ವಜನಿಕ ಸುರಕ್ಷೆಗೆ ಅಗತ್ಯವೆನಿಸಿದ ಪ್ರದೇಶದಲ್ಲಿ ಸರಕಾರ ಇನ್ನೂ ಕಡಿಮೆ ವೇಗಮಿತಿಯನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸಬಹುದು. 115ನೆಯ ಸೆಕ್ಷನ್ ಯಾವುದೇ ಒಂದು ಬಗೆಯ ವಾಹನದ ಓಟವನ್ನು ಯಾವುದೇ ರಸ್ತೆಯಲ್ಲಿ ನಿರ್ಬಂಧಿಸುವ ಅಧಿಕಾರ ಕೊಡುತ್ತದೆ. ಅತಿಭಾರಕ್ಕೆ 2019ರ ತಿದ್ದುಪಡಿಯ ಬಳಿಕ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ. ಶಾಲೆಗೆ ಹೋಗಿ ಬರುವ ಹೊತ್ತಿನಲ್ಲಿ ಟಿಪ್ಪರುಗಳಿಗೆ ತಡೆ ಹಾಕುವ ಪದ್ಧತಿಯೂ ಕೇರಳದ ಜಿಲ್ಲೆಗಳಿಗೆ ಹೊಸದಲ್ಲ. ಬರೆದ ನಿಯಮವನ್ನು ರಸ್ತೆಗೆ ಇಳಿಸುವ ಕೆಲಸವಷ್ಟೇ ಬಾಕಿ.

ಲಾರಿಗಳನ್ನು ಹೊತ್ತು ನೋಡಿ ಬಿಡುವುದು ಸಾಧ್ಯವೇ ಎಂದು ಕೇಳುವವರಿಗೆ ನಮ್ಮ ನೆರೆಯಲ್ಲೇ ಉತ್ತರವಿದೆ. ಬಂಡೀಪುರದ ಕಾಡಿನೊಳಗೆ ವಯನಾಡಿನತ್ತ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ನಮ್ಮಂತೆಯೇ ಗಡಿಯಾಚೆ ಉಳಿದ ಕನ್ನಡಿಗರ ನಾಡಾದ ತಾಳವಾಡಿಯನ್ನು ತಮಿಳುನಾಡಿನ ಬಯಲಿಗೆ ಜೋಡಿಸುವ ದಿಂಬಂ ಘಾಟಿನಲ್ಲಿಯೂ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ರಾತ್ರಿ ಓಡಾಟಕ್ಕೆ ನಿರ್ಬಂಧ ಬಂತು. ಆನೆ, ಜಿಂಕೆ, ಹುಲಿಗಳು ನಿರ್ಭಯವಾಗಿ ರಸ್ತೆ ದಾಟಲಿ ಎಂದು ಎರಡು ಹೆದ್ದಾರಿಗಳ ರಾತ್ರಿಯನ್ನೇ ಬಿಟ್ಟುಕೊಟ್ಟ ದೇಶ, ಮಕ್ಕಳು ರಸ್ತೆ ದಾಟಲು ಬೆಳಗಿನ ಒಂದೂವರೆ ಗಂಟೆ, ಸಂಜೆಯ ಒಂದೂವರೆ ಗಂಟೆ ಬಿಟ್ಟುಕೊಡಲಾರದೇ? ಕಾಡುಮೃಗಗಳಿಗೆ ದೊರೆತುದರಲ್ಲಿ ನನಗೆ ಅಸೂಯೆಯಿಲ್ಲ. ಅದೇ ವಿವೇಕವನ್ನು ಊರಿಗೂ ತನ್ನಿರಿ ಎಂಬುದಷ್ಟೇ ನನ್ನ ಕೋರಿಕೆ.

ದಿಂಬಂನಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ನಿರ್ಬಂಧ ಬಂದಾಗ ತಾಳವಾಡಿಯ ರೈತರು, ತಾವು ಬೆಳೆದ ತರಕಾರಿ ಮಾರುಕಟ್ಟೆ ಸೇರುವುದು ಹೇಗೆಂದು ಬೀದಿಗಿಳಿದು ಕೇಳಿದರು. ಸ್ಥಳೀಯರ ವಾಹನಗಳಿಗೆ ಬಳಿಕ ಸಡಿಲಿಕೆ ದೊರೆಯಿತು. ಆ ದಾರಿಯಿಂದ ಬದುಕುವವರನ್ನು ಮೊದಲೇ ಕೇಳಿದ್ದರೆ ಆ ಕಹಿ ತಪ್ಪುತ್ತಿತ್ತು. ನಮ್ಮಲ್ಲಿಯೂ ಕೋರೆಯವರನ್ನು, ಲಾರಿ ಮಾಲಕರನ್ನು, ಚಾಲಕರನ್ನು, ಲೋಡಿಂಗ್ ಕಾರ್ಮಿಕರನ್ನು ಕೂರಿಸಿ ಮಾತನಾಡಿಯೇ ಹೊತ್ತು ಗೊತ್ತುಮಾಡಬೇಕು. ತಡೆಯ ಹೊತ್ತಿನಲ್ಲಿ ಲಾರಿಗಳು ರಸ್ತೆಯ ಬದಿಯಲ್ಲಿ ಸಾಲುಗಟ್ಟಿ ನಿಂತರೆ ಮಕ್ಕಳಿಗೆ ಎದುರಿನ ದಾರಿಯೇ ಕಾಣದು. ತಡೆ ಮುಗಿದ ಕ್ಷಣ ಎಲ್ಲವೂ ಒಟ್ಟಿಗೆ ಓಡಿದರೆ ಹೊಸ ಅಪಾಯ. ಆದುದರಿಂದ ಲೋಡಾದ ಲಾರಿ ಕೋರೆಯ ಆವರಣದಲ್ಲೇ ಕಾದು, ಒಂದಾದ ಮೇಲೊಂದರಂತೆ ಹೊರಡಬೇಕು. ಆ ಹೊಣೆ ಕೋರೆಯ ಪರವಾನಿಗೆಯ ಷರತ್ತಿನಲ್ಲೇ ಸೇರಲಿ.

ಹಂಪುಗಳ ಬಗ್ಗೆಯೂ ಒಂದು ಎಚ್ಚರಿಕೆ ಬೇಕು. ಊರವರ ಸಿಟ್ಟಿಗೆ ಒಂದು ರಾತ್ರಿಯಲ್ಲಿ ಏಳುವ ಕಡಿದಾದ ಕಾಂಕ್ರೀಟು ದಿಣ್ಣೆಯಿಂದ ಬೈಕಿನವರು ಬೀಳುತ್ತಾರೆ, ಗರ್ಭಿಣಿಯರು ನರಳುತ್ತಾರೆ. ಕಾಸರಗೋಡಿನ ಗಂಭೀರ ರೋಗಿ ಇಂದಿಗೂ ಹೋಗುವುದು ಬಹುಪಾಲು ಮಂಗಳೂರಿಗೆ. 2020ರ ಲಾಕ್‌ಡೌನ್ ಕಾಲದಲ್ಲಿ ಗಡಿರಸ್ತೆಗಳಿಗೆ ಮಣ್ಣು ಸುರಿದಾಗ ಆಂಬುಲೆನ್ಸಿನ ದಾರಿ ಮುಚ್ಚುವುದೆಂದರೆ ಏನೆಂದು ನಾವು ಕಂಡಿದ್ದೇವೆ. ಹಾಗಾಗಿ ಹಂಪು ಅಳತೆಯಂತೆ ಇರಲಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ, ಮೆಲ್ಲನೆ ಏರಿ ಮೆಲ್ಲನೆ ಇಳಿಯುವ ದುಂಡು ಹಂಪನ್ನು ಹೇಳುತ್ತದೆ. ಅದರ ಮೇಲೆ ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಆರಾಮವಾಗಿ ಸಾಗಬಹುದು. ಮುಂಚಿತವಾಗಿ ಫಲಕ, ಮೇಲೆ ಬಿಳಿ ಬಣ್ಣ, ರಾತ್ರಿ ದೀಪ ಇರಬೇಕು. ಶಾಲೆಯ ಮುಂದೆ, ಪೇಟೆಯ ಎರಡು ತುದಿಗಳಲ್ಲಿ ಮಾತ್ರ ಇದ್ದರೆ ಸಾಕು. ಅದಕ್ಕಿಂತ ಮುಖ್ಯವಾದುದು ಒಂದು ಬದಿಯಲ್ಲಾದರೂ ಜನ ನಡೆಯಲು ಚರಂಡಿಯ ಮೇಲೆ ಚಪ್ಪಡಿ ಹಾಸಿದ ಕಾಲುದಾರಿ.

ಇಷ್ಟರವರೆಗೆ ಹೇಳಿದ್ದು ಯಾವ ಊರಿಗೂ ಸಲ್ಲುವ ಮಾತು. ನಮ್ಮ ಊರಿಗೇ ವಿಶೇಷವಾಗಿ ಸಲ್ಲುವುದು ಇನ್ನೊಂದಿದೆ. ಕೆಂಪು ವೃತ್ತದೊಳಗಿನ ಅಂಕಿಗೆ ಭಾಷೆ ಬೇಡ. ಆದರೆ ಮುಂದೆ ಶಾಲೆಯಿದೆ, ಕಾಮಗಾರಿ ನಡೆಯುತ್ತಿದೆ, ದಾರಿ ತಿರುಗಿಸಲಾಗಿದೆ, ಇಂಥ ಹೊತ್ತಿನಲ್ಲಿ ಟಿಪ್ಪರುಗಳಿಗೆ ಪ್ರವೇಶವಿಲ್ಲ ಎಂಬ ಮಾತುಗಳಿಗೆ ಲಿಪಿ ಬೇಕು. ಅಂಥ ಎಷ್ಟೋ ಫಲಕಗಳು ಗಡಿಪ್ರದೇಶದಲ್ಲಿ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇವೆ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೂ ಕರ್ನಾಟಕದಿಂದ ಬರುವ ಚಾಲಕನಿಗೂ ಅವು ಮೂಕ. 1956ರಿಂದ ನಾವು ಕನ್ನಡ ಫಲಕಕ್ಕಾಗಿ ಕೇಳುತ್ತ ಬಂದಿರುವುದನ್ನು ಕೆಲವರು ಬರಿಯ ಅಭಿಮಾನದ ಹಟವೆಂದು ತಿಳಿಯುತ್ತಾರೆ. ಎಚ್ಚರಿಕೆಯ ಫಲಕದ ವಿಷಯದಲ್ಲಿ ಅದು ಅಭಿಮಾನವನ್ನೂ ಮೀರಿದ್ದು. ಓದಲಾಗದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಪ್ರಜೆಗೆ ನೀಡಿದೆ.

ಕನ್ನಡ ವಿಭಾಗಕ್ಕೂ ಟಿಪ್ಪರಿಗೂ ಏನು ಸಂಬಂಧವೆಂದು ಈಗ ಯಾರೂ ಕೇಳಲಾರರೆಂದು ನಂಬಿದ್ದೇನೆ. ಕಯ್ಯಾರ ಕಿಞ್ಞಣ್ಣ ರೈಗಳು ಕವಿಯೂ ಅಧ್ಯಾಪಕರೂ ಆಗಿದ್ದುಕೊಂಡೇ ಬದಿಯಡ್ಕದ ಪಂಚಾಯತು ಅಧ್ಯಕ್ಷರೂ ಆಗಿದ್ದರು. ಊರಿನ ದಾರಿ ಚರಂಡಿಗಳ ಚಿಂತೆ ಸಾಹಿತ್ಯಕ್ಕೆ ಹೊರತಾದುದೆಂದು ಅವರು ಎಣಿಸಲಿಲ್ಲ. ನಮ್ಮ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಂತಮ್ಮ ಊರಿನ ಶಾಲೆಯ ಮುಂದೆ ಒಂದು ವಾರ ಬೆಳಗ್ಗೆ ಸಂಜೆ ನಿಂತು, ಹಾದುಹೋದ ಟಿಪ್ಪರುಗಳನ್ನೂ ರಸ್ತೆ ದಾಟಿದ ಮಕ್ಕಳನ್ನೂ ಎಣಿಸಿ ಬರೆದಿಡಲಿ. ಮೂರು ತಿಂಗಳಿಗೊಮ್ಮೆಯಾದರೂ ವಾರ್ಡಿನಲ್ಲಿ ಸೇರಬೇಕಾದ ಗ್ರಾಮಸಭೆಯಲ್ಲಿ ಆ ಲೆಕ್ಕವನ್ನು ಓದಿ ನಿರ್ಣಯ ಮಾಡಿಸಲಿ. ನಿರ್ಣಯವನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷಾ ಮಂಡಳಿಗೆ ಕಳುಹಿಸಲಿ. ಮನವಿ ಶುದ್ಧ ಕನ್ನಡದಲ್ಲಿರಲಿ, ಲೆಕ್ಕ ಖಚಿತವಾಗಿರಲಿ, ಕೇಳಿಕೆ ಸ್ಪಷ್ಟವಾಗಿರಲಿ: ಪೇಟೆಯ ಉದ್ದಕ್ಕೂ ಮೂವತ್ತರ ಮಿತಿ, ಶಾಲಾ ಹೊತ್ತಿನಲ್ಲಿ ಟಿಪ್ಪರಿಗೆ ತಡೆ, ಅಳತೆಗೆ ಒಪ್ಪುವ ಹಂಪು, ಒಂದು ಬದಿಗಾದರೂ ಕಾಲುದಾರಿ, ಕನ್ನಡದಲ್ಲೂ ಫಲಕ.

ನಮ್ಮಲ್ಲಿ ಮಗುವೊಂದು ರಸ್ತೆಯಲ್ಲಿ ಬಿದ್ದ ಮೇಲೆ ತಡೆ ನಡೆಯುತ್ತದೆ, ಪ್ರತಿಭಟನೆ ನಡೆಯುತ್ತದೆ, ಮರುವಾರ ಹಂಪು ಏಳುತ್ತದೆ. ಎಷ್ಟೋ ಹಂಪುಗಳ ಅಡಿಯಲ್ಲಿ ಇಂಥದೊಂದು ಕತೆ ಇದೆ. ಈ ಬಾರಿಯ ಮನವಿಯಾದರೂ ಅದಕ್ಕಿಂತ ಮೊದಲೇ ಹೋಗಲಿ.