ಸಿಮೆಂಟು ಮಾರಲು ಈಜುಡುಗೆ ಯಾಕೆ?



ಮನೆ ಕಟ್ಟುವವರು ಸಿಮೆಂಟಿನ ಗುಣವನ್ನು ಮೇಸ್ತ್ರಿಯ ಹತ್ತಿರ ಕೇಳುತ್ತಾರೆ. ಆದರೆ ಕೆಲವು ವರ್ಷಗಳ ಹಿಂದೆ ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಸಿಮೆಂಟಿನ ಜಾಹೀರಾತಿನಲ್ಲಿ ಈಜುಡುಗೆ ತೊಟ್ಟ ಯುವತಿ ಸಮುದ್ರದಿಂದ ಎದ್ದು ಬರುತ್ತಿದ್ದಳು. ಮೂಟೆಯೊಳಗಿನ ಪುಡಿಗೂ ಆಕೆಗೂ ಏನು ಸಂಬಂಧ? ನಮ್ಮಲ್ಲಿ ಹೆಚ್ಚಿನವರು ಕೇಳಲಿಲ್ಲ, ನಕ್ಕು ಸುಮ್ಮನಾದೆವು.

2022ರ ಜೂನ್‌ನಲ್ಲಿ ಬಂದ ಡಿಯೋಡರೆಂಟ್ ಜಾಹೀರಾತೊಂದಕ್ಕೆ ಮಾತ್ರ ನಗು ಬರಲಿಲ್ಲ. ಅಂಗಡಿಯಲ್ಲಿ ಒಬ್ಬಳೇ ನಿಂತ ಯುವತಿ, ಬೆನ್ನ ಹಿಂದೆ ನಾಲ್ವರು ಗಂಡಸರು. ‘ನಾವು ನಾಲ್ವರು, ಇರುವುದು ಒಂದೇ, ಶಾಟ್ ಯಾರದು’ ಎಂಬರ್ಥದ ಮಾತು ಅವಳ ಕಿವಿಗೆ ಬೀಳುತ್ತದೆ. ಬೆಚ್ಚಿ ತಿರುಗಿದರೆ, ಅವರು ಹೇಳುತ್ತಿದ್ದುದು ‘ಶಾಟ್’ ಡಿಯೋಡರೆಂಟಿನ ಕೊನೆಯ ಬಾಟಲಿಯ ವಿಷಯ! ಸಾಮೂಹಿಕ ಅತ್ಯಾಚಾರದ ಭಯವೇ ಅಲ್ಲಿನ ತಮಾಷೆ. ಜನ ಸಿಡಿದೆದ್ದರು. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಅದನ್ನು ತೆಗೆದುಹಾಕುವಂತೆ ಟ್ವಿಟರ್ ಮತ್ತು ಯೂಟ್ಯೂಬ್‌ಗೆ ಸೂಚಿಸಿತು, ಕಂಪನಿ ಕ್ಷಮೆ ಕೇಳಿತು. ಗಮನಿಸಿ, ಅಲ್ಲಿ ಆಕ್ಷೇಪಕ್ಕೆ ಕಾರಣವಾದದ್ದು ಆಕೆಯ ಉಡುಪಲ್ಲ.

ನನ್ನ ಕಳಕಳಿಯೂ ಇದೇ. ಜಾಹೀರಾತು ಹೆಣ್ಣನ್ನು ಕೀಳುಗಳೆಯುತ್ತದೆಯೇ ಎಂದು ಅಳೆಯಲು ನಾವು ಸಾಮಾನ್ಯವಾಗಿ ಹಿಡಿಯುವುದು ದರ್ಜಿಯ ಟೇಪು. 1996ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಬೀದಿಯಲ್ಲಿ ಎರಡು ದನಿಗಳಿದ್ದವು. ಸಂಸ್ಕೃತಿಯ ಮಾನ ಹೋಯಿತು ಎಂಬುದು ಒಂದು, ಹೆಣ್ಣನ್ನು ಮಾರುಕಟ್ಟೆಯ ಸರಕಾಗಿಸಬೇಡಿ ಎಂಬುದು ಇನ್ನೊಂದು. ಕೊನೆಗೆ ಈಜುಡುಗೆಯ ಸುತ್ತು ಸೆಶೆಲ್ಸ್ ದ್ವೀಪಕ್ಕೆ ಹೋಯಿತು. ಬಟ್ಟೆಯ ಪ್ರಶ್ನೆ ಊರು ದಾಟಿತು, ಸರಕಿನ ಪ್ರಶ್ನೆ ಇಲ್ಲೇ ಉಳಿಯಿತು.

ಮೊದಲ ದನಿಗೆ ನಾನು ದನಿಗೂಡಿಸಲಾರೆ. ಅದು ನಾಳೆ ನಮ್ಮ ಹೆಣ್ಣುಮಕ್ಕಳ ಜೀನ್ಸನ್ನೂ ಪ್ರಶ್ನಿಸುತ್ತದೆ. ಮಗುವಿಗೆ ಹಾಲೂಡಿಸುವ ತಾಯಿಯ ಚಿತ್ರದಲ್ಲಿ ಎದೆ ಕಂಡರೂ ಅವಮಾನವಿಲ್ಲ. ಕಾಂಡೋಮಿನ ಜಾಹೀರಾತಿನಲ್ಲಿ ದಾಂಪತ್ಯದ ಮಾತು ಬಂದರೆ ಅದು ಆ ವಸ್ತುವಿಗೆ ಸಂಬಂಧಪಟ್ಟದ್ದೇ. ಆದರೆ ಮುಖ ಕತ್ತರಿಸಿ ಸೊಂಟವನ್ನಷ್ಟೇ ತೋರಿಸಿದಾಗ, ಸ್ಪ್ರೇ ಹೊಡೆದ ಗಂಡಸಿನ ಹಿಂದೆ ಹೆಂಗಸರನ್ನು ಹಿಂಡು ಹಿಂಡಾಗಿ ಓಡಿಸಿದಾಗ, ಆಕೆ ಮನುಷ್ಯಳಾಗಿ ಅಲ್ಲಿಲ್ಲ. ಸರಕಿನ ಜೊತೆ ಕೊಡುವ ಉಚಿತ ಕೊಡುಗೆ ಅವಳು.

‘ರೂಪದರ್ಶಿ ಒಪ್ಪಿಯೇ ಮಾಡಿದ್ದಾಳೆ, ದುಡ್ಡೂ ಪಡೆದಿದ್ದಾಳೆ’ ಎನ್ನುವವರಿದ್ದಾರೆ. ಇರಬಹುದು, ಅವಳ ದುಡಿಮೆಯನ್ನು ನಾನು ಹಳಿಯುವುದಿಲ್ಲ. ಆದರೆ ಆ ಹೋರ್ಡಿಂಗ್ ಕೆಳಗೆ ಬಸ್ಸಿಗೆ ಕಾಯುತ್ತ, ಅದನ್ನೂ ತನ್ನನ್ನೂ ಒಂದೇ ಕಣ್ಣಿನಿಂದ ನೋಡುವವರ ನಡುವೆ ನಿಂತ ಕಾಲೇಜು ಹುಡುಗಿಯ ಒಪ್ಪಿಗೆ ಕೇಳಿದವರು ಯಾರು?

ಕಾನೂನು ಈ ವಿಷಯದಲ್ಲಿ ನಮಗಿಂತ ಮುಂದಿದೆ. ಮಹಿಳೆಯರ ಅಸಭ್ಯ ಚಿತ್ರಣವನ್ನು ನಿಷೇಧಿಸುವ 1986ರ ಕಾಯಿದೆ ಅಸಭ್ಯತೆಯ ಜೊತೆಗೆ ಹೆಣ್ಣನ್ನು ಹೀನಾಯವಾಗಿ ತೋರಿಸುವುದನ್ನೂ ಅಪರಾಧವೆನ್ನುತ್ತದೆ. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು. ದಂಡ ಮಾತ್ರ 2,000 ರೂಪಾಯಿವರೆಗೆ. ದೊಡ್ಡ ಕಂಪನಿಗೆ ಅದು ಕಾಫಿ ಖರ್ಚು. ಹಾಗಾಗಿ ಅವರಿಗೆ ಬಿಸಿ ಮುಟ್ಟಿಸಬೇಕಾದವರು ನಾವೇ.

ಹೀಗೆ ಮಾಡೋಣ. ಅಂಥ ಜಾಹೀರಾತು ಕಂಡರೆ ಬೈದು ಹಂಚಿಕೊಳ್ಳಬೇಡಿ, ಹಂಚಿದಷ್ಟೂ ಅವರಿಗೆ ಪುಕ್ಕಟೆ ಪ್ರಚಾರ. ಫೋಟೊ ತೆಗೆದು ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಗೆ ದೂರು ಕಳಿಸಿ. 1985ರಲ್ಲಿ ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಸಂಸ್ಥೆಯದು, ವಾಟ್ಸಾಪ್‌ನಲ್ಲೂ ದೂರು ಸ್ವೀಕರಿಸುತ್ತದೆ. ಸರ್ಕಲ್ಲಿನ ಹೋರ್ಡಿಂಗ್ ಆದರೆ ನಿಮ್ಮ ನಗರಸಭೆಗೋ ಪುರಸಭೆಗೋ ಅರ್ಜಿ ಬರೆದು ಸ್ವೀಕೃತಿ ಪಡೆಯಿರಿ. ಮನೆಯಲ್ಲಿ ಗಂಡುಮಕ್ಕಳು ಪಕ್ಕದಲ್ಲಿದ್ದರೆ ಗಡಿಬಿಡಿಯಿಂದ ಚಾನೆಲ್ ಬದಲಿಸಬೇಡಿ. ‘ಇದರಲ್ಲಿ ಆಕೆಗೇನು ಕೆಲಸ?’ ಎಂದು ಅವರನ್ನೇ ಕೇಳಿ.

ಊರಿನ ವ್ಯಾಪಾರಿಗಳಲ್ಲೂ ಒಂದು ಬಿನ್ನಹ. ಫ್ಲೆಕ್ಸ್ ಮಾಡಿಸುವಾಗ ಇಂಟರ್‌ನೆಟ್‌ನಿಂದ ಯಾರದೋ ಮೈಯ ಚಿತ್ರ ಎತ್ತಿ ಅಂಟಿಸಬೇಡಿ. ನಿಮ್ಮ ಟೈಲ್ಸ್ ಚೆನ್ನಾಗಿದ್ದರೆ ಟೈಲ್ಸನ್ನೇ ತೋರಿಸಿ. ಮನೆಗೆ ಯಾವ ಬಣ್ಣದ್ದು ಬೇಕೆಂದು ಆರಿಸಲು ನಿಮ್ಮ ಅಂಗಡಿಗೆ ಬರುವವರಲ್ಲಿ ಹೆಂಗಸರೂ ಇದ್ದಾರೆ. ಒಳಗೆ ಬರುವ ಮುನ್ನ ಅವರು ಆ ಫ್ಲೆಕ್ಸ್ ದಾಟಿಯೇ ಬರಬೇಕು.