ಬಿದಿರ ತುದಿಯ ವೀರನೂ ಅಮೆರಿಕಾದ ನಗೆಯೂ

ಚೀನೀಯರ ಯುದ್ಧವಿದ್ಯೆಯ ಚಲಚ್ಚಿತ್ರಗಳನ್ನು ಕಂಡು ಅಮೆರಿಕಾದ ಪ್ರೇಕ್ಷಕರು ನಗುವರೆಂದೂ, ವೀರನು ಬಿದಿರ ತುದಿಯಲ್ಲಿ ನಿಂತು ಖಡ್ಗವನ್ನು ಝಳಪಿಸುವುದು ಬಾಲಿಶವಾದುದೇ ಆ ನಗೆಗೆ ಕಾರಣವೆಂದೂ ಹೇಳುವ ವಿಮರ್ಶಕರುಂಟು. ಈ ವಾದವು ಅಂಗೀಕಾರಾರ್ಹವಲ್ಲ.

ಸೂಪರ್‌ಮ್ಯಾನ್ ಎಂಬ ಕೆಂಪು ಹೊದಿಕೆಯ ಪುರುಷನು ನಗರದ ಸೌಧಗಳ ಮೇಲೆ ಹಾರಾಡಿದುದನ್ನು 1978ರಲ್ಲಿ ಕಣ್ಣರಳಿಸಿ ನೋಡಿದವರೂ ಇದೇ ಜನರಲ್ಲವೆ? ಪರಗ್ರಹದಿಂದ ಬಂದವನು ಹಾರಬಹುದು. ಗುರುವಿನ ಬಳಿ ವರ್ಷಗಟ್ಟಲೆ ಬೆವರು ಸುರಿಸಿದವನು ಹಾರಕೂಡದು! ಇದಾವ ನ್ಯಾಯವೊ ನಮಗೆ ತಿಳಿಯದು. ದೇಹವನ್ನು ಹಗುರಗೊಳಿಸುವ ಈ ವಿದ್ಯೆಯನ್ನು ಚೀನೀ ವೀರಕಥೆಗಳು ಛಿಂಗ್‌ಗೊಂಗ್ ಎನ್ನುತ್ತವೆ. ಚಕೋರವು ಬೆಳುದಿಂಗಳನ್ನು ಕುಡಿಯಿತೆಂದರೆ ನಮ್ಮಲ್ಲಿ ಯಾರೂ ಪಕ್ಷಿಶಾಸ್ತ್ರವನ್ನು ತೆರೆದು ನೋಡುವುದಿಲ್ಲ, ಅದು ಕವಿಸಮಯ. ಇದೂ ಹಾಗೆಯೇ. ನಾಟ್ಯಧರ್ಮಿಯನ್ನು ಲೋಕಧರ್ಮಿಯ ಕೋಲಿನಿಂದ ಅಳೆಯಹೊರಟವರಿಗೆ ಭರತಮುನಿಯೂ ಹಾಸ್ಯಾಸ್ಪದನಾಗಿಯೇ ಕಂಡಾನು.

ಹಾಗಾದರೆ ಆ ನಗೆಯೆಲ್ಲಿಂದ ಬಂದಿತು? ವರ್ತಕರಿಂದ. ಹಾಂಗ್‌ಕಾಂಗಿನ ಶಾ ಸಹೋದರರ ಚಿತ್ರವೊಂದನ್ನು ವಾರ್ನರ್ ಸಂಸ್ಥೆಯವರು 1973ರಲ್ಲಿ ‘ಫೈವ್ ಫಿಂಗರ್ಸ್ ಆಫ್ ಡೆತ್’ ಎಂದು ಹೊಸದಾಗಿ ನಾಮಕರಣ ಮಾಡಿ ಅಮೆರಿಕಾಕ್ಕೆ ತಂದರು. ಅದರ ಹಿಂದೆ ಇಂಥವು ಸಾಲುಸಾಲಾಗಿ ಬಂದವು. ಮೂಲದ ಮಾತನ್ನು ತೆಗೆದು ಅವಸರದ ಇಂಗ್ಲಿಷನ್ನು ತುಂಬಿದುದರಿಂದ, ತುಟಿ ಮುಚ್ಚಿದ ಮೇಲೂ ಮಾತು ನಡೆಯುತ್ತಿತ್ತು. ಓದುವವನು ತಡವರಿಸಿದರೆ ಹುಡುಗರು ಕಾಳಿದಾಸನಿಗೂ ನಗುವರು. ಪಾಠಶಾಲೆಯಲ್ಲಿ ಬಹುಕಾಲ ಕಂಡ ಸಂಗತಿಯಿದು.

ಆದರೆ ಎಲ್ಲರೂ ನಗಲಿಲ್ಲ. ವಿಮರ್ಶಕರು ಮರೆಯುವುದು ಇದನ್ನೇ. ನ್ಯೂಯಾರ್ಕಿನ 42ನೆಯ ಬೀದಿಯ ಅಗ್ಗದ ಚಿತ್ರಮಂದಿರಗಳಲ್ಲಿ ಆಫ್ರಿಕಾ ಮೂಲದ ತರುಣರು ಇವೇ ಹರಕು ಮಾತಿನ ಚಿತ್ರಗಳನ್ನು ಪುನಃ ಪುನಃ ನೋಡಿದರು. 1978ರ ‘ಶಾವೊಲಿನ್ನಿನ 36ನೆಯ ಕೋಣೆ’ಯ ಕಥೆಯನ್ನೇ ತೆಗೆದುಕೊಳ್ಳಿ. ಮಂಚೂ ಅಧಿಕಾರಿಗಳ ದೌರ್ಜನ್ಯದಿಂದ ಪಾರಾದ ವಿದ್ಯಾರ್ಥಿಯೊಬ್ಬನು ಮಠವನ್ನು ಸೇರುತ್ತಾನೆ. ತೋಳು ಇಳಿಸಿದರೆ ಪಕ್ಕೆಗೆ ಇರಿಯುವಂತೆ ಅಲಗು ಕಟ್ಟಿಸಿಕೊಂಡು ನೀರು ಹೊರುತ್ತಾನೆ. 35 ಕೋಣೆಗಳನ್ನು ದಾಟಿದ ಮೇಲೆ, ಮಠದ ಹೊರಗಣ ಸಾಮಾನ್ಯರಿಗೂ ವಿದ್ಯೆಯನ್ನು ಕಲಿಸಲು ಇನ್ನೊಂದು ಕೋಣೆ ಬೇಕೆನ್ನುತ್ತಾನೆ. ಅನ್ಯಾಯವನ್ನುಂಡು ಬೆಳೆದ ತರುಣನಿಗೆ ಇದಕ್ಕೆ ವ್ಯಾಖ್ಯಾನ ಬೇಕೆ? ಅದೇ ನಗರದ ವೂ-ಟ್ಯಾಂಗ್ ಕ್ಲ್ಯಾನ್ ಎಂಬ ಗಾಯಕವೃಂದವು 1993ರಲ್ಲಿ ತನ್ನ ಪ್ರಥಮ ಧ್ವನಿಮುದ್ರಿಕೆಯ ಹೆಸರಿನಲ್ಲಿ ಆ 36 ಕೋಣೆಗಳನ್ನು ಸೇರಿಸಿಕೊಂಡಿತು. ಸಹೃದಯರೆಂದರೆ ಇವರು.

ಪಂಡಿತರಾದರೊ, ಆಂಗ್ ಲೀಯವರ ‘ಕ್ರೌಚಿಂಗ್ ಟೈಗರ್, ಹಿಡನ್ ಡ್ರ್ಯಾಗನ್’ 2000ದಲ್ಲಿ ಬಂದು ನಾಲ್ಕು ಆಸ್ಕರುಗಳನ್ನು ಗಳಿಸಿದಾಗ ಬಿದಿರ ಮೇಲಣ ಯುದ್ಧವನ್ನು ಕಾವ್ಯವೆಂದರು. ಸಂತೋಷ. ಬಿದಿರುಮೆಳೆಯ ಯುದ್ಧವಿರುವ ಕಿಂಗ್ ಹೂ ಅವರ ‘ಎ ಟಚ್ ಆಫ್ ಜೆನ್’ಗೆ ಫ್ರಾನ್ಸಿನ ಕಾನ್ ಉತ್ಸವದವರು 1975ರಲ್ಲಿಯೇ ಬಹುಮಾನವಿತ್ತಿದ್ದರು.

ಪರದೆಯ ಕೆಳಗಿನ ಅಕ್ಷರಗಳನ್ನು ಅಮೆರಿಕಾದವರು ಓದಲಾರರೆಂಬ ಇನ್ನೊಂದು ಮಾತೂ ಪ್ರಚಾರದಲ್ಲಿದೆ. ಝಾಂಗ್ ಯಿಮೋ ಅವರ ‘ಹೀರೋ’ 2002ರಲ್ಲಿ ಸಿದ್ಧವಾದರೂ ಅಲ್ಲಿನ ಹಂಚಿಕೆದಾರರು 2004ರ ಆಗಸ್ಟಿನವರೆಗೆ ಅದನ್ನು ಹೊರಗೆ ಬಿಡಲಿಲ್ಲ. ಕೊನೆಗೆ ಚೀನೀ ಮಾತಿನಲ್ಲಿಯೇ ತೆರೆಕಂಡಾಗ, ಮೊದಲ ವಾರದ ಗಳಿಕೆಯಲ್ಲಿ ಅಮೆರಿಕಾದ ಸ್ವಂತ ಚಿತ್ರಗಳೆಲ್ಲವೂ ಅದರ ಹಿಂದೆ ನಿಂತವು.